ದಿನಚರಿಯೊಳಗಿನ ಪ್ರಾರ್ಥನೆ: ನಾಶಿಕ, ಸಂಭಾಜಿನಗರಗಳ ಕ್ರೈಸ್ತ ಭಕ್ತಿಯನ್ನು ಕುರಿತು

ನಾಶಿಕವೆಂದರೆ ಕನ್ನಡಿಗರ ಮನಸ್ಸಿನಲ್ಲಿ ಪಂಚವಟಿ, ಗೋದಾವರಿಯ ಘಟ್ಟಗಳು, ತ್ರ್ಯಂಬಕೇಶ್ವರ ಮೂಡುತ್ತವೆ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದೆಂದರೆ ಎಲ್ಲೋರ, ಅದರಲ್ಲಿಯೂ ನಮ್ಮ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯ. ಊರಿನಿಂದ ಬಂದ ನೆಂಟರೊಡನೆ ಈ ಸ್ಥಳಗಳನ್ನು ನೋಡಿ ಬಾರದ ಮುಂಬಯಿ ಕನ್ನಡ ಕುಟುಂಬಗಳು ವಿರಳ. ಆದರೆ ಈ ಎರಡು ಊರುಗಳಲ್ಲಿ ಭಕ್ತಿಯ ಮತ್ತೊಂದು ಧಾರೆಯೂ ಹರಿದಿದೆ. ಅದು ಮರಾಠಿ ಕ್ರೈಸ್ತರದು. ಬ್ಯಾಂಕಿನ ವರ್ಗಾವಣೆಯ ನಿಮಿತ್ತ ನಾವು 2008ರಿಂದ ಮೂರು ವರ್ಷ ನಾಶಿಕದಲ್ಲಿ, 2014ರಿಂದ ಮೂರು ವರ್ಷ ಆಗಿನ ಔರಂಗಾಬಾದಿನಲ್ಲಿ ಇದ್ದೆವು. ಪ್ರಾರ್ಥನೆಯೆಂಬುದು ಭಾನುವಾರದಿಂದ ಇಳಿದು ವಾರದ ಉಳಿದ ದಿನಗಳೊಳಗೆ ಹೇಗೆ ಬರುತ್ತದೆ ಎಂಬುದನ್ನು ಅಲ್ಲಿ ಕಂಡ ಕೆಲವು ಸಂಗತಿಗಳ ಮೂಲಕ ಇಲ್ಲಿ ವಿವರಿಸಲೆತ್ನಿಸುತ್ತೇವೆ. ಕ್ರೈಸ್ತರಲ್ಲದ ಓದುಗರಿಗೂ ಈ ಪ್ರಶ್ನೆ ಹೊಸದೇನಲ್ಲ. ದೇವರ ಕೋಣೆಯ ದೀಪವೂ ನಮ್ಮ ಕುಟುಂಬ ಪ್ರಾರ್ಥನೆಯೂ ಬಡವಾಗುವುದು ಒಂದೇ ಕಾರಣದಿಂದ.

ನಮ್ಮ ಹಿರಿಯರು ಗದಗ-ಬೆಟಗೇರಿಯ ಬಾಸೆಲ್ ಮಿಶನ್ ಸಭೆಗೆ ಸೇರಿದವರು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ಹಬ್ಬಿತು. ನಮ್ಮ ಬಾಲ್ಯದಲ್ಲಿ ರಾತ್ರಿ ಎಂಟಕ್ಕೆ ಮನೆಯವರೆಲ್ಲ ಚಾಪೆಯ ಮೇಲೆ ಕೂತು ಸಂಗೀತ ಪುಸ್ತಕದ ಒಂದು ಹಾಡು, ಸತ್ಯವೇದದ ಒಂದು ಅಧ್ಯಾಯ, ಕೊನೆಗೆ ತಂದೆಯವರ ಪ್ರಾರ್ಥನೆ, ಇಷ್ಟನ್ನು ಮುಗಿಸದೆ ಊಟಕ್ಕೆ ಏಳುವಂತಿರಲಿಲ್ಲ. ತಂದೆಯವರ ಪ್ರಾರ್ಥನೆ ಮಾತ್ರ ಗ್ರಂಥದ ಭಾಷೆಯಲ್ಲಿರುತ್ತಿತ್ತು. ಮಾತನಾಡುವಾಗ ಧಾರವಾಡದ ಕಡೆಯ ಗಂಡುಗನ್ನಡವನ್ನೇ ಆಡುತ್ತಿದ್ದವರು ಕಣ್ಣು ಮುಚ್ಚಿದೊಡನೆ ‘ಅನುಗ್ರಹಿಸೋಣಾಗಲಿ’ ಎನ್ನುತ್ತಿದ್ದರು. ನಾವು ಮಕ್ಕಳು ಒಳಗೊಳಗೇ ಸಾರಿನ ವಾಸನೆಯನ್ನು ಎಳೆದುಕೊಳ್ಳುತ್ತಿದ್ದೆವು.

ಮುಂಬಯಿಯ ಸಂಸಾರದಲ್ಲಿ ಆ ಪದ್ಧತಿ ಹತ್ತು ವರ್ಷವೂ ಉಳಿಯಲಿಲ್ಲ. ಬೆಳಿಗ್ಗೆ ಲೋಕಲ್ ಗಾಡಿ, ರಾತ್ರಿ ಮಕ್ಕಳ ಟ್ಯೂಷನ್, ನಡುವೆ ದೂರದರ್ಶನ. ನಾಶಿಕಕ್ಕೆ ಹೋಗುವ ವೇಳೆಗೆ ನಮ್ಮಲ್ಲಿ ಉಳಿದಿದ್ದುದು ಊಟಕ್ಕೆ ಮುಂಚಿನ ಎರಡು ಮಾತು ಮತ್ತು ಭಾನುವಾರದ ಆರಾಧನೆ ಮಾತ್ರ.

ನಾಶಿಕದ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಮರಾಠಿ ಕ್ರೈಸ್ತ ವೃದ್ಧೆಯೊಬ್ಬರಿದ್ದರು. ಎಲ್ಲರೂ ಅವರನ್ನು ಆಜಿ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ಭಾಕ್ರಿ ತಟ್ಟುತ್ತ ಯಾರೊಡನೆಯೋ ಮಾತನಾಡುತ್ತಿರುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಮೊದಲ ತಿಂಗಳು ಮನೆಯಲ್ಲಿ ಇನ್ನಾರೋ ಇದ್ದಾರೆಂದೇ ನಮ್ಮ ಶ್ರೀಮತಿಯವರು ತಿಳಿದಿದ್ದರು. ಆ ಕೇಳುಗ ಯೇಸುಸ್ವಾಮಿಯೆಂದು ಆಮೇಲೆ ತಿಳಿಯಿತು. ಗ್ಯಾಸ್ ಮುಗಿದದ್ದು, ಮೊಮ್ಮಗನ ಜ್ವರ, ಸೊಸೆಯ ಸಿಟ್ಟು ಎಲ್ಲವೂ ಅಲ್ಲಿ ವರದಿಯಾಗುತ್ತಿದ್ದವು. ನಡುನಡುವೆ ಹಾಡು. ಆ ಹಾಡುಗಳ ಧಾಟಿ ನಮ್ಮ ಸಂಗೀತ ಪುಸ್ತಕದ ಜರ್ಮನ್ ರಾಗಗಳಂತಿರದೆ ಪಂಢರಪುರದ ದಿಂಡಿಯ ಅಭಂಗದಂತಿತ್ತು. ಯಾರ ಹಾಡು ಇವು ಎಂದು ಕೇಳಿದಾಗ ‘ಟಿಳಕಾಂಚೀ’ ಎಂದರು. ಲೋಕಮಾನ್ಯರೊಬ್ಬರನ್ನೇ ಬಲ್ಲ ನಾವು ಬೆಪ್ಪಾದೆವು.

ಅವರು ಹೇಳಿದ್ದು ನಾರಾಯಣ ವಾಮನ ಟಿಳಕರನ್ನು (1861-1919). ಕೊಂಕಣದ ಚಿತ್ಪಾವನ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ನಾಶಿಕದಲ್ಲಿ ಓದಿ, ನಾಶಿಕದ ಹತ್ತಿರದ ಜಲಾಲಪುರದ ಗೋಖಲೆಯವರ ಮಗಳನ್ನು ಮದುವೆಯಾದ ಮರಾಠಿ ಕವಿ. 1893ರ ಸುಮಾರಿಗೆ ರೈಲುಪ್ರಯಾಣದಲ್ಲಿ ಒಬ್ಬ ಯುರೋಪಿಯನ್ ಸಹಪ್ರಯಾಣಿಕನು ಅವರಿಗೆ ಹೊಸ ಒಡಂಬಡಿಕೆಯ ಪ್ರತಿಯೊಂದನ್ನು ಕೊಟ್ಟನು. ಪರ್ವತ ಪ್ರಸಂಗದ ವರೆಗೆ ಓದಿದ ಮೇಲೆ ಅವರಿಗೆ ಪುಸ್ತಕವನ್ನು ಕೆಳಗಿಡಲಾಗಲಿಲ್ಲ. 1895ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಆಮೇಲಿನ ಅವರ ಬದುಕು ಬಹುಪಾಲು ಅಹಮದನಗರದ ಅಮೆರಿಕನ್ ಮರಾಠಿ ಮಿಶನ್ನಿನಲ್ಲಿ ಕಳೆಯಿತು.

ಟಿಳಕರು ಕಂಡ ಕೊರತೆ ಸರಳವಾದದ್ದು. ಮರಾಠಿ ಕ್ರೈಸ್ತರು ಮನೆಯಲ್ಲಿ ಮರಾಠಿಯಲ್ಲಿ ನಕ್ಕು, ಮರಾಠಿಯಲ್ಲಿ ಜಗಳವಾಡಿ, ಪ್ರಾರ್ಥನೆಯನ್ನು ಮಾತ್ರ ಹೊರಗಿನಿಂದ ತಂದ ಧಾಟಿಯಲ್ಲಿ ಮಾಡುತ್ತಿದ್ದರು. ಹಾಡು ನಾಲಿಗೆಯ ಮೇಲೆ ನಿಂತರೂ ಕೆಲಸದ ನಡುವೆ ತಾನಾಗಿ ಬರುತ್ತಿರಲಿಲ್ಲ. ಟಿಳಕರು ವಾರಕರಿ ಸಂತರ ಅಭಂಗ, ಭಜನೆ, ಕೀರ್ತನೆಗಳ ರೂಪವನ್ನೇ ಯೇಸುಭಕ್ತಿಗೆ ತಂದರು. ತುಕಾರಾಮರೆಂಬ ಸೇತುವೆಯ ಮೇಲೆ ನಡೆದು ತಾವು ಕ್ರಿಸ್ತನ ಬಳಿ ಬಂದೆವೆಂದು ಅವರು ಹೇಳುತ್ತಿದ್ದುದು ಪ್ರಸಿದ್ಧ. 1917ರಲ್ಲಿ ಮಿಶನ್ನಿನ ಸಂಬಳದ ಕೆಲಸ ಬಿಟ್ಟು ಸಾತಾರೆಯಲ್ಲಿ ‘ದೇವಾಚಾ ದರ್ಬಾರ್’ ಎಂಬ ಭಕ್ತರ ಬಳಗವನ್ನು ಆರಂಭಿಸಿದರು. ಎರಡೇ ವರ್ಷಗಳಲ್ಲಿ ತೀರಿಕೊಂಡದ್ದರಿಂದ ಅದು ಬೇರೂರಲಿಲ್ಲ. ಹಾಡುಗಳು ಬೇರೂರಿದವು. ಮರಾಠಿ ಸಭೆಗಳ ‘ಉಪಾಸನಾ ಸಂಗೀತ’ದಲ್ಲಿ ಇಂದಿಗೂ ಬಹಳಷ್ಟು ಹಾಡುಗಳು ಅವರವೇ.

ನಮಗೆ ಇವರಿಗಿಂತ ಹೆಚ್ಚು ಕಲಿಸಿದವರು ಅವರ ಪತ್ನಿ ಲಕ್ಷ್ಮೀಬಾಯಿ ಟಿಳಕರು. ಅವರ ಆತ್ಮಕಥೆ ‘ಸ್ಮೃತಿಚಿತ್ರೆ’ ಮರಾಠಿ ಗದ್ಯದ ಮೇರುಕೃತಿಗಳಲ್ಲಿ ಒಂದು. ಆಜಿಯವರೇ ಒಂದು ಹಳೆಯ ಪ್ರತಿಯನ್ನು ಕೊಟ್ಟರು. ಮಡಿಮೈಲಿಗೆಯ ಗೀಳಿದ್ದ ಮನೆಯಲ್ಲಿ ಬೆಳೆದ ಈ ಹೆಣ್ಣುಮಗಳಿಗೆ ಗಂಡ ಕ್ರೈಸ್ತನಾದದ್ದು ಸಾವಿನಂಥ ಆಘಾತ. ಕೆಲವು ವರ್ಷ ಬೇರೆಯೇ ಇದ್ದರು. ಮತ್ತೆ ಗಂಡನಲ್ಲಿಗೆ ಬಂದ ಮೇಲೂ ತಮ್ಮ ಅಡಿಗೆ, ನೀರು, ಪಾತ್ರೆಗಳನ್ನು ಪ್ರತ್ಯೇಕವಾಗಿಟ್ಟುಕೊಂಡರು. ಟಿಳಕರು ಬಲವಂತ ಮಾಡಲಿಲ್ಲ. ಬದಲಾವಣೆ ಬಂದದ್ದು ಉಪದೇಶದಿಂದಲ್ಲ. ಈ ಜಾತಿಗಳನ್ನು ಮಾಡಿದವನು ದೇವರೋ ಮನುಷ್ಯನೋ ಎಂದು ತಾವೇ ಯೋಚಿಸುತ್ತ ಯೋಚಿಸುತ್ತ, ಒಂದು ದಿನ ಇನ್ನು ಯಾರ ಕೈಯ ನೀರನ್ನಾದರೂ ಕುಡಿಯುವೆನೆಂದು ನಿಶ್ಚಯಿಸಿಕೊಂಡರು. 1900ರಲ್ಲಿ ರಾಹುರಿಯಲ್ಲಿ ದೀಕ್ಷಾಸ್ನಾನ ಪಡೆದರು. ಅಂದರೆ ಅವರ ಭಕ್ತಿ ದೇವಾಲಯಕ್ಕಿಂತ ಮೊದಲು ನೀರಿನ ಕೊಡವನ್ನು ಮುಟ್ಟಿತು. ಹೆಚ್ಚು ಶಾಲೆ ಕಾಣದ ಈಕೆ ಮುಂದೆ ಸ್ವತಃ ಕೀರ್ತನೆ ಮಾಡಿದರು, ಗಂಡ ಅರ್ಧಕ್ಕೆ ಬಿಟ್ಟ ‘ಖ್ರಿಸ್ತಾಯನ’ ಕಾವ್ಯವನ್ನು ಪೂರ್ಣಗೊಳಿಸಿದರು. 1936ರಲ್ಲಿ ನಾಶಿಕದಲ್ಲಿ ನಿಧನರಾದರು. ಪುಸ್ತಕದುದ್ದಕ್ಕೂ ಅವರು ದೇವರನ್ನು ಕುರಿತು ಗಂಭೀರವಾಗಿ ಮಾತನಾಡುವುದು ಕಡಿಮೆ, ನಗಿಸುವುದು ಹೆಚ್ಚು. ಗಂಟುಮೋರೆಯನ್ನೇ ಭಕ್ತಿಯೆಂದು ತಿಳಿದಿದ್ದ ನಮಗೆ ಅದು ಒಳ್ಳೆಯ ಮದ್ದಾಯಿತು.

ಕನ್ನಡದಲ್ಲಿ ಇಂಥ ಪ್ರಯತ್ನ ನಡೆಯಲಿಲ್ಲವೆಂದಲ್ಲ. ನಿಘಂಟುಕಾರ ಕಿಟ್ಟೆಲರು 1862ರಲ್ಲಿಯೇ ಕ್ರಿಸ್ತಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಸತ್ಯವೇದದ 150 ಸ್ತೋತ್ರಗಳ ಭಾಗಕ್ಕೆ ಮರಾಠಿಯಲ್ಲಿ ‘ಸ್ತೋತ್ರಸಂಹಿತಾ’ ಎಂದು ಹೆಸರಿದ್ದರೆ ಕನ್ನಡದಲ್ಲಿ ‘ಕೀರ್ತನೆಗಳು’ ಎಂದಿದೆ. ಪುರಂದರ, ಕನಕರ ನಾಡಿನಲ್ಲಿ ಆ ಹೆಸರೇ ಒಂದು ಸಲಿಗೆಯನ್ನು ಕೊಡುತ್ತದೆ. ಆ ಕೀರ್ತನೆಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಸ್ತುತಿಯಷ್ಟೇ ದೂರೂ ಇದೆ. ದೇವರೇ ಏಕೆ ಸುಮ್ಮನಿದ್ದೀ ಎಂಬ ಜಗಳವಿದೆ, ಶತ್ರುವಿನ ಮೇಲಿನ ಕೋಪವೂ ಇದೆ. ಕನಕರು ದೇವರನ್ನು ತರಾಟೆಗೆ ತೆಗೆದುಕೊಂಡದ್ದನ್ನು ಬಲ್ಲ ಕನ್ನಡಿಗರಿಗೆ ಇದು ಅಪರಿಚಿತವಲ್ಲ. ಆಜಿಯವರು ಗ್ಯಾಸ್ ಮುಗಿದದ್ದಕ್ಕೆ ಯೇಸುವಿನ ಮೇಲೆ ರೇಗುತ್ತಿದ್ದುದು ಸತ್ಯವೇದದ ಪರಂಪರೆಗೆ ಹತ್ತಿರವಾಗಿತ್ತು; ನಮ್ಮ ‘ಅನುಗ್ರಹಿಸೋಣಾಗಲಿ’ಗಿಂತ ಹೆಚ್ಚೇ ಹತ್ತಿರವೆಂದು ಈಗ ಅನ್ನಿಸುತ್ತದೆ.

ಇಲ್ಲಿ ಪಂಡಿತಾ ರಮಾಬಾಯಿಯವರನ್ನು ನೆನೆಯದಿರಲಾಗದು. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನ ಆಶ್ರಮದಲ್ಲಿ. ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಆಶ್ರಮದಲ್ಲಿದ್ದುಕೊಂಡು, ಬಡ ಹೆಂಗಸರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಹೀಬ್ರೂ, ಗ್ರೀಕ್ ಕಲಿತು ವರ್ಷಗಟ್ಟಲೆ ಅನುವಾದಿಸಿದರು. ಸಂಸ್ಕೃತದಲ್ಲಿ ಸಭೆಗಳನ್ನು ಗೆದ್ದ ವಿದುಷಿ ಕೊನೆಗಾಲದಲ್ಲಿ ಸಂಸ್ಕೃತದ ಭಾರವನ್ನು ಇಳಿಸಲು ಕೂತದ್ದು ಸಣ್ಣ ಮಾತಲ್ಲ. 1922ರಲ್ಲಿ ಅವರು ತೀರಿಕೊಂಡರು. ಪೂರ್ಣ ಸತ್ಯವೇದ ಆಮೇಲೆ, 1924ರಲ್ಲಿ ಹೊರಬಂದಿತು.

ನಾಶಿಕದಲ್ಲಿ ಕಲಿತದ್ದು ಇಷ್ಟು: ಪ್ರಾರ್ಥನೆಗೆ ಮನೆಮಾತಿನ ಸಲಿಗೆ ಬೇಕು. ಅದು ಅರ್ಧ ಪಾಠ ಮಾತ್ರವೆಂದು ತಿಳಿದದ್ದು ಔರಂಗಾಬಾದಿನಲ್ಲಿ.

ಮಕ್ಕಳ ಓದಿಗಾಗಿ ಸಂಸಾರವನ್ನು ಮುಂಬಯಿಯಲ್ಲಿ ಬಿಟ್ಟು ನಾವೊಬ್ಬರೇ ಅಲ್ಲಿದ್ದೆವು. ಕೃಷಿಸಾಲದ ವಿಭಾಗ. ಮರಾಠವಾಡದಲ್ಲಿ ಮಳೆ ಕೈಕೊಟ್ಟ ವರ್ಷಗಳವು. 2016ರ ಏಪ್ರಿಲ್‌ನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋದದ್ದು ಓದುಗರ ನೆನಪಿನಲ್ಲಿರಬಹುದು. ಬೆಳಿಗ್ಗೆ ಕೋಣೆಯಲ್ಲಿ ಹತ್ತು ನಿಮಿಷ ಪ್ರಾರ್ಥನೆ ಮಾಡಿ ಹೊರಡುತ್ತಿದ್ದೆವು. ಹನ್ನೊಂದಕ್ಕೆ ಮೇಜಿನ ಮೇಲೆ ವಸೂಲಿ ನೋಟಿಸುಗಳ ಕಟ್ಟು ಬರುತ್ತಿತ್ತು, ಸಹಿ ಮಾಡುತ್ತಿದ್ದೆವು. ಇವೆರಡಕ್ಕೂ ಸಂಬಂಧವಿದೆಯೆಂದು ನಮಗೆ ತೋಚಿರಲೇ ಇಲ್ಲ.

ಒಂದು ಭಾನುವಾರ ಮರಾಠಿ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಸಭೆಯೊಡನೆ ಹೇಳುತ್ತಿದ್ದಾಗ ಒಂದು ಪದ ಕಾಲಿಗೆ ತೊಡರಿತು. ಕನ್ನಡ ಸತ್ಯವೇದದಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮ ತಪ್ಪುಗಳನ್ನು ಕ್ಷಮಿಸೆಂದು ಬೇಡುತ್ತೇವೆ. ಮರಾಠಿಯಲ್ಲಿ ಅದೇ ಜಾಗದಲ್ಲಿ ‘ಋಣ’ ಎಂದಿದೆ. ನಮ್ಮ ಸಾಲಗಾರರ ಋಣವನ್ನು ನಾವು ಬಿಟ್ಟಂತೆ ನಮ್ಮ ಋಣಗಳನ್ನು ನೀನು ಬಿಡು ಎಂಬ ಅರ್ಥದಲ್ಲಿ. ಇದು ಅನುವಾದಕರ ಚಮತ್ಕಾರವಲ್ಲ. ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದ ಗ್ರೀಕ್ ಮೂಲದಲ್ಲಿರುವ ಪದ ಸಾಲದ್ದೇ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯಲ್ಲಿ ಸಾಲಕ್ಕೂ ಪಾಪಕ್ಕೂ ‘ಹೋಬಾ’ ಎಂಬ ಒಂದೇ ಪದ. ಲೂಕನು ತನ್ನ ಹನ್ನೊಂದನೆಯ ಅಧ್ಯಾಯದಲ್ಲಿ ಮೊದಲು ಪಾಪವೆಂದು, ಆಮೇಲೆ ಸಾಲವೆಂದು ಎರಡನ್ನೂ ಇಟ್ಟುಕೊಂಡಿದ್ದಾನೆ. ನಮ್ಮ ಕನ್ನಡದ ‘ತಪ್ಪು’ ಅರ್ಥಕ್ಕೆ ಮೋಸ ಮಾಡಿಲ್ಲ. ಆದರೆ ನಲವತ್ತು ವರ್ಷ ಹೇಳಿಹೇಳಿ ಆ ಪದ ನುಣುಪಾಗಿತ್ತು. ಸಾಲದ ಕಡತಗಳ ನಡುವೆ ಬದುಕುವವನಿಗೆ ‘ಋಣ’ ಹಾಗೆ ಜಾರಲಿಲ್ಲ. ಸಾಲು ಮುಗಿಯುವ ಮುನ್ನವೇ ನಮ್ಮ ಬಾಯಿ ನಿಂತಿತ್ತು.

ಅದರ ಹಿಂದಿನ ವಾರವಷ್ಟೇ ನಾವು ಸಹಿ ಮಾಡಿದ ನೋಟಿಸನ್ನು ಹಿಡಿದು ಒಬ್ಬ ವೃದ್ಧ ರೈತರು ಶಾಖೆಗೆ ಬಂದಿದ್ದರು. ಅವರ ಹಳ್ಳಿಯ ಪೈಸೆವಾರಿ ಐವತ್ತಕ್ಕಿಂತ ಕೆಳಗಿತ್ತು, ಅಂದರೆ ಬೆಳೆ ಅರ್ಧಕ್ಕಿಂತ ಕಡಿಮೆಯೆಂದು ಸರಕಾರ ಒಪ್ಪಿ ಬರಪೀಡಿತವೆಂದು ಘೋಷಿಸಿತ್ತು. ಅಂಥ ಹಳ್ಳಿಗಳಲ್ಲಿ ಬೆಳೆಸಾಲವನ್ನು ಹಲವು ವರ್ಷಗಳ ಕಂತಿನ ಸಾಲವಾಗಿ ಪರಿವರ್ತಿಸಲು ಅವಕಾಶವಿತ್ತು. ಪಟ್ಟಿ ನಮ್ಮ ಕಪಾಟಿನಲ್ಲಿಯೇ ಇತ್ತು. ನಾವು ತೆಗೆದು ನೋಡಿರಲಿಲ್ಲ. ‘ಸಾಹೇಬರೇ, ಇದರಲ್ಲಿ ಏನು ಬರೆದಿದೆ ಓದಿ ಹೇಳಿ’ ಎಂದು ಕಾಗದವನ್ನು ಚಾಚಿದರು. ಆ ನೋಟಿಸು ಬಂದಂದಿನಿಂದ ಮನೆಯಲ್ಲಿ ಒಲೆ ಸರಿಯಾಗಿ ಉರಿದಿಲ್ಲವೆಂದು ಜೊತೆಗಿದ್ದ ಮಗ ಹೇಳಿದನು. ಮರಾಠವಾಡದಲ್ಲಿ ಅಂಥ ಕಾಗದ ಯಾವ ಮನೆಯಲ್ಲಿ ಯಾರನ್ನು ಎಲ್ಲಿಗೆ ತಳ್ಳಬಹುದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಅವರ ಸಾಲ ಪರಿವರ್ತನೆಯಾಯಿತು. ತಪ್ಪು ಯಂತ್ರದ್ದಾಗಲಿ ಮೇಲಧಿಕಾರಿಗಳದ್ದಾಗಲಿ ಆಗಿರಲಿಲ್ಲ, ನಮ್ಮದೇ.

ಬ್ಯಾಂಕಿನ ನೌಕರನು ಸಾಲವನ್ನು ಮನಸ್ಸು ಬಂದಂತೆ ಬಿಡಲಾರನು, ಬಿಡಲೂಬಾರದು. ಅದು ಠೇವಣಿದಾರರ ಹಣ. ಪ್ರಾರ್ಥನೆ ಕಡತವನ್ನು ಮುಚ್ಚುವುದಿಲ್ಲ. ಆದರೆ ಅದು ಕಡತವನ್ನು ತೆರೆದು ಓದಿಸಬಲ್ಲುದು. ಅಂದಿನಿಂದ ನೋಟಿಸಿಗೆ ಸಹಿ ಮಾಡುವ ಮುನ್ನ ಹೆಸರು, ಹಳ್ಳಿಗಳನ್ನು ಮೆಲ್ಲಗೆ ಓದಿಕೊಂಡು ಪಟ್ಟಿಯೊಡನೆ ತಾಳೆ ನೋಡುವುದನ್ನು ರೂಢಿ ಮಾಡಿಕೊಂಡೆವು. ದಿನಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯಿತು. ಬೆಳಗಿನ ಹತ್ತು ನಿಮಿಷಕ್ಕಿಂತ ಈ ಅರ್ಧ ಗಂಟೆಯೇ ನಮ್ಮ ನಿಜವಾದ ಪ್ರಾರ್ಥನೆಯೆಂದು ಅನ್ನಿಸಿದ ದಿನಗಳೂ ಇದ್ದವು. ಕಾಯಕದ ಮಾತನ್ನು ಶರಣರಿಂದ ಕೇಳುತ್ತ ಬೆಳೆದ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಪ್ಯಾರಿಸಿನ ಮಠವೊಂದರ ಅಡಿಗೆಮನೆಯಲ್ಲಿ ದುಡಿದು 1691ರಲ್ಲಿ ತೀರಿಕೊಂಡ ಲಾರೆನ್ಸ್ ಎಂಬ ಸಹೋದರನೂ, ಪಾತ್ರೆಗಳ ಗದ್ದಲದ ನಡುವೆಯೂ ದೇವರ ಸನ್ನಿಧಿಯಲ್ಲಿರಬಹುದೆಂದು ಇದನ್ನೇ ಹೇಳಿದ್ದನು.

ರಾತ್ರಿಗೆ ಮತ್ತೊಂದು ಅಭ್ಯಾಸವನ್ನು ಒಬ್ಬ ಕಥೋಲಿಕ ಮಿತ್ರರಿಂದ ಕಲಿತೆವು. ಯೇಸುಸಭೆಯ ಸ್ಥಾಪಕ ಲೊಯೋಲಾದ ಇಗ್ನೇಷಿಯಸರು (1491-1556) ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಗ್ರಂಥದಲ್ಲಿ ವಿಧಿಸಿದ ಆತ್ಮಶೋಧನೆ ಅದು. ನಾವು ಇದನ್ನು ಬ್ಯಾಂಕಿನವರ ರೀತಿಯಲ್ಲಿಯೇ ಅರ್ಥ ಮಾಡಿಕೊಂಡೆವು. ಗಣಕಯಂತ್ರ ಬರುವ ಮುಂಚೆ ಸಂಜೆ ಡೇ ಬುಕ್ ತಾಳೆಯಾಗದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಒಂದೊಂದೇ ವೌಚರನ್ನು ತಿರುವಿ ಹಾಕಬೇಕು. ಆ ಹತ್ತು ರೂಪಾಯಿಯನ್ನು ಜೇಬಿನಿಂದ ಹಾಕಿ ಮುಗಿಸೋಣವೆಂದ ಹೊಸ ಗುಮಾಸ್ತನಿಗೆ ಹಿರಿಯರು ಹೇಳುತ್ತಿದ್ದುದು ಒಂದೇ: ಹಣ ಮುಖ್ಯವಲ್ಲ, ಎಲ್ಲಿ ತಪ್ಪಿತೆಂದು ಗೊತ್ತಾಗಬೇಕು. ಆತ್ಮಶೋಧನೆಯೂ ಹಾಗೆ. ಆದರೆ ಅದು ಖರ್ಚಿನ ಕಡೆಯಿಂದ ಆರಂಭವಾಗುವುದಿಲ್ಲ, ಜಮೆಯಿಂದ ಆರಂಭವಾಗುತ್ತದೆ. ಮೊದಲು ದಿನದಲ್ಲಿ ಬಂದ ಒಳಿತುಗಳನ್ನು ನೆನೆದು ವಂದಿಸುವುದು, ಸರಿಯಾಗಿ ನೋಡಲು ಬೆಳಕು ಬೇಡುವುದು, ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ಹಿಂದೆ ನೋಡುವುದು. ವ್ಯತ್ಯಾಸ ಕಂಡಲ್ಲಿ ಕ್ಷಮೆ, ನಾಳೆಗೆ ಒಂದು ನಿರ್ಧಾರ. ಹದಿನೈದು ನಿಮಿಷ ಸಾಕು. ಜಮೆಯನ್ನು ಬಿಟ್ಟು ತಪ್ಪನ್ನಷ್ಟೇ ಹುಡುಕಲು ಕೂತ ಮೊದಲ ತಿಂಗಳಲ್ಲಿ ನಮಗೆ ಬೇಸರವೇ ಹೆಚ್ಚಿತು. ನಿದ್ದೆಯೂ ಬಂದುಬಿಡುತ್ತಿತ್ತು, ಇದನ್ನೂ ಒಪ್ಪಿಕೊಳ್ಳಬೇಕು.

ಹರಕೆಯ ಪ್ರಾರ್ಥನೆಯನ್ನು ಹಗುರಾಗಿ ಕಾಣುವವರು ನಾವಲ್ಲ. ನಾಶಿಕ ರೋಡಿನ ಬಾಲಯೇಸುವಿನ ದೇಗುಲದಲ್ಲಿ ಫೆಬ್ರವರಿಯ ಜಾತ್ರೆಗೆ ಸೇರುವ ಜನರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಬೆಂಗಳೂರಿನ ವಿವೇಕನಗರದ ಗುರುವಾರಗಳನ್ನು ಕಂಡವರಿಗೆ ಆ ನೋಟ ಪರಿಚಿತ. ಕಷ್ಟದಲ್ಲಿ ಮೇಣದಬತ್ತಿ ಹಚ್ಚುವ ಕೈ ಸುಳ್ಳು ಹೇಳುವುದಿಲ್ಲ. ಅದು ವರ್ಷಕ್ಕೊಮ್ಮೆಯ ಮಾತು, ನಮ್ಮ ವಿಷಯ ಉಳಿದ ದಿನಗಳದು.

ಮನೆಮಾತಿನ ಬಗೆಗೆ ಮೇಲೆ ಹೇಳಿದ್ದಕ್ಕೆ ನಾಶಿಕವೇ ಒಂದು ಎದುರುತ್ತರವನ್ನೂ ಇಟ್ಟಿದೆ. ನಗರದ ಶರಣಪುರದಲ್ಲಿ ಚರ್ಚ್ ಮಿಶನರಿ ಸೊಸೈಟಿಯವರ ನೆಲೆಯೊಂದಿತ್ತು. ಅರಬ್ಬಿ ಸಮುದ್ರದಲ್ಲಿ ಗುಲಾಮರ ಹಡಗುಗಳಿಂದ ಬಿಡಿಸಿ ತಂದ ಆಫ್ರಿಕದ ಮಕ್ಕಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸಾಕಿ ಓದಿಸುತ್ತಿದ್ದರು. ಅವರಲ್ಲಿ ಯಾವೋ ಜನಾಂಗದ ಜೇಕಬ್ ವೈನ್‌ರೈಟ್ ಒಬ್ಬ. 1872ರಲ್ಲಿ ಅವನು ಡೇವಿಡ್ ಲಿವಿಂಗ್‌ಸ್ಟನ್ನರ ತಂಡವನ್ನು ಸೇರಿದನು. 1873ರ ಮೇ ಒಂದರಂದು ಮುಂಜಾನೆ, ಇಂದಿನ ಜಾಂಬಿಯದ ಹಳ್ಳಿಯೊಂದರಲ್ಲಿ, ಲಿವಿಂಗ್‌ಸ್ಟನ್ನರು ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸುವ ಭಂಗಿಯಲ್ಲಿಯೇ ಸತ್ತಿದ್ದುದನ್ನು ಸಂಗಡಿಗರು ಕಂಡರು. ಹೃದಯವನ್ನು ಅಲ್ಲಿಯೇ ಮರದ ಬುಡದಲ್ಲಿ ಹೂತಾಗ ಅಂತ್ಯಕ್ರಿಯೆಯ ಪ್ರಾರ್ಥನೆಗಳನ್ನು ಇಂಗ್ಲಿಷಿನಲ್ಲಿ ಓದಿದವನು ವೈನ್‌ರೈಟ್. ಆಮೇಲೆ ಅವರೆಲ್ಲ ತಿಂಗಳುಗಟ್ಟಲೆ ನಡೆದು ದೇಹವನ್ನು ಕಡಲ ತೀರಕ್ಕೆ ಹೊತ್ತು ತಂದರು. 1874ರ ಏಪ್ರಿಲ್ 18ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಇದ್ದನು. ಆಫ್ರಿಕದಲ್ಲಿ ಹುಟ್ಟಿ, ನಾಶಿಕದಲ್ಲಿ ಬೆಳೆದು, ಆ ಮರದಡಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಿದವನ ಪ್ರಾರ್ಥನೆ ಎರವಲಿನದೆಂದು ಯಾರು ಹೇಳಬಲ್ಲರು?

ನಮ್ಮ ಮಕ್ಕಳ ಮುಂದೆ ನಾವು ಸೋತದ್ದೂ ಈ ಕತೆಯಿಂದಲೇ. ಮನೆಯ ಪ್ರಾರ್ಥನೆ ಕನ್ನಡದಲ್ಲಿಯೇ ಆಗಬೇಕೆಂದು ಬಹುಕಾಲ ಹಟ ಹಿಡಿದಿದ್ದೆವು. ಮುಂಬಯಿಯಲ್ಲಿ ಹುಟ್ಟಿದ ಅವರು ತಲೆ ಬಗ್ಗಿಸಿ ಕೂರುತ್ತಿದ್ದರು, ಅಷ್ಟೇ. ಅವರ ಮನೆಮಾತು ಯಾವುದೆಂದು ನಾವು ಕೇಳಿರಲೇ ಇಲ್ಲ. ಈಗ ಹಟ ಬಿಟ್ಟಿದ್ದೇವೆ, ಕನ್ನಡವನ್ನು ಬಿಟ್ಟಿಲ್ಲ. ರಾತ್ರಿ ಒಂಬತ್ತೂವರೆಗೆ ನಾವಿಬ್ಬರು ಸಂಗೀತ ಪುಸ್ತಕ ತೆರೆದು ಕೂರುತ್ತೇವೆ. ಪುಣೆಯಲ್ಲಿರುವ ಮಗ, ಮರಾಠಿಯ ಸೊಸೆ ಫೋನಿನಲ್ಲಿ ಸೇರುತ್ತಾರೆ. ಹಾಡು ಕನ್ನಡದ್ದು, ಕೆಲವು ದಿನ ಟಿಳಕರದ್ದು. ಆಮೇಲೆ ಒಬ್ಬೊಬ್ಬರು ತಮ್ಮ ದಿನದ ಲೆಕ್ಕವನ್ನು ತಮಗೆ ಬಂದ ಮಾತಿನಲ್ಲಿ ಒಪ್ಪಿಸುತ್ತಾರೆ. ಮಗನದು ಅರ್ಧ ಇಂಗ್ಲಿಷು. ಕೊನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಸೊಸೆ ‘ಋಣ’ ಎನ್ನುತ್ತಾಳೆ, ನಾವು ‘ತಪ್ಪು’ ಎನ್ನುತ್ತೇವೆ. ಫೋನಿನ ತಡದಿಂದಾಗಿ ಅವರ ಆಮೆನ್ ಯಾವಾಗಲೂ ನಮ್ಮದಕ್ಕಿಂತ ಸ್ವಲ್ಪ ಹಿಂದೆ ಬರುತ್ತದೆ.